ಅಲಗಿನ ತುತ್ತು

ಮರಗೆಲಸವನ್ನು ಹವ್ಯಾಸವಾಗಿ ಹಿಡಿದವರು ರೌಟರ್ ಯಂತ್ರ ಕೊಂಡ ಹೊಸದರಲ್ಲೇ ಒಂದು ವಿಚಿತ್ರವನ್ನು ಎದುರಿಸುತ್ತಾರೆ. ಹಲಗೆಯ ಅಂಚನ್ನು ದುಂಡಗೆ ಮಾಡಬೇಕು. ಯಂತ್ರಕ್ಕೆ ತಕ್ಕ ಬಿಟ್ ಹಾಕಿ, ಕೆಲಸ ಕೆಡಬಾರದೆಂದು ಇಂಚಿಂಚೇ ಜೋಪಾನವಾಗಿ ತಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಯಂತ್ರ ನಿಲ್ಲಿಸಿ ನೋಡಿದರೆ ಅಂಚಿನುದ್ದಕ್ಕೂ ಕಂದು ಪಟ್ಟಿ, ಮೂಲೆಯಲ್ಲಿ ಕಪ್ಪು ಕಲೆ. ಅದೇ ಪಕ್ಕದ ಮನೆಗೆ ವಾರ್ಡ್‌ರೋಬ್ ಮಾಡಲು ಬಂದ ಬಡಗಿಯನ್ನು ನೋಡಿ. ಅಂಥದೇ ಯಂತ್ರವನ್ನು ಅವರು ಸರ್ರನೆ ಎಳೆದುಬಿಡುತ್ತಾರೆ. ಅಂಚು ನುಣ್ಣಗೆ, ಮರದ ಸಹಜ ಬಣ್ಣದಲ್ಲೇ ಇರುತ್ತದೆ.

ಉಜ್ಜಿದರೆ ಬಿಸಿಯಾಗುತ್ತದೆ, ಜೋರಾಗಿ ಉಜ್ಜಿದರೆ ಇನ್ನೂ ಬಿಸಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಬೇಗ ತಳ್ಳಿದ ಮರ ಸುಡಬೇಕಿತ್ತು, ನಿಧಾನವಾಗಿ ತಳ್ಳಿದ್ದು ತಣ್ಣಗಿರಬೇಕಿತ್ತು. ಆಗುವುದು ತಿರುಗುಮುರುಗು. ಇದಕ್ಕೆ ಉತ್ತರ ಸಿಕ್ಕರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ ನೂರಾರು ಬಿಟ್‌ಗಳಲ್ಲಿ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಗೂ ಉತ್ತರ ಸಿಕ್ಕಂತೆಯೇ.

ಸೆಕೆಂಡಿಗೆ ಎಂಟುನೂರು

ರೌಟರ್ ಎಂದರೆ ಒಂದು ಮೋಟಾರು, ಅದರ ತುದಿಯಲ್ಲಿ ಬಿಟ್ ಹಿಡಿಯುವ ಕಾಲೆಟ್, ಕೆಳಗೆ ಮರದ ಮೇಲೆ ಜಾರುವ ಒಂದು ಚಪ್ಪಟೆ ತಟ್ಟೆ. ಸನ್‌ಮೈಕಾ ಅಂಚು ಸವರಲು ಬಡಗಿಗಳು ಒಂದೇ ಕೈಯಲ್ಲಿ ಹಿಡಿಯುವ ಟ್ರಿಮ್ಮರ್ ಕೂಡ ಇದೇ ಜಾತಿಯ ಚಿಕ್ಕ ಯಂತ್ರ. ಬಿಟ್‌ಗೆ ಸಾಮಾನ್ಯವಾಗಿ ಎರಡು ಅಲಗು. ತಿರುಗುವ ವೇಗ ನಿಮಿಷಕ್ಕೆ 10,000ದಿಂದ 30,000 ಸುತ್ತು.

ನಡುವಿನ ಒಂದು ಲೆಕ್ಕ ಹಿಡಿಯೋಣ. ನಿಮಿಷಕ್ಕೆ 24,000 ಸುತ್ತು ಎಂದರೆ ಸೆಕೆಂಡಿಗೆ 400. ಎರಡು ಅಲಗು ಇರುವುದರಿಂದ ಮರಕ್ಕೆ ಸೆಕೆಂಡಿಗೆ 800 ಏಟು. ಒಂದು ಮೀಟರ್ ಉದ್ದದ ಹಲಗೆಯನ್ನು 20 ಸೆಕೆಂಡಿನಲ್ಲಿ ದಾಟಿಸಿದಿರಿ ಎಂದುಕೊಳ್ಳಿ. ಆಗ ಯಂತ್ರ ಸೆಕೆಂಡಿಗೆ 50 ಮಿಲಿಮೀಟರ್ ಮುಂದೆ ಸಾಗುತ್ತದೆ, ಅಷ್ಟರಲ್ಲಿ ಅಲಗುಗಳು 800 ಸಲ ಕಚ್ಚುತ್ತವೆ. ಹಂಚಿ ನೋಡಿದರೆ ಪ್ರತಿ ಅಲಗಿನ ಪಾಲಿಗೆ ಬರುವುದು ಒಂದು ಮಿಲಿಮೀಟರ್‌ನ ನೂರರಲ್ಲಿ ಆರು ಭಾಗದಷ್ಟು ಮರ, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಒಂದು ಅಲಗು ಒಮ್ಮೆಗೆ ಕಚ್ಚಿ ತೆಗೆಯುವ ಈ ದಪ್ಪವನ್ನು ‘ತುತ್ತು’ ಎಂದು ಕರೆಯೋಣ. ಈ ಅಧ್ಯಾಯದಲ್ಲಿ ಮುಂದೆ ಬರುವುದೆಲ್ಲ ತುತ್ತಿನ ಕಥೆಯೇ.

ಈಗ ಜೋಪಾನದ ಕೈಯನ್ನು ನೋಡಿ. ಅದೇ ಒಂದು ಮೀಟರ್‌ಗೆ ಎರಡು ನಿಮಿಷ ತೆಗೆದುಕೊಂಡಿತು. ಮೋಟಾರು ಮಾತ್ರ ತನ್ನ ಪಾಡಿಗೆ ಅದೇ ವೇಗದಲ್ಲಿ ತಿರುಗುತ್ತಿದೆ. ಏಟುಗಳು ಅಷ್ಟೇ, ಮುಂದೆ ಸಾಗಿದ ದೂರ ಆರರಲ್ಲಿ ಒಂದು ಪಾಲು. ತುತ್ತು ಮಿಲಿಮೀಟರ್‌ನ ನೂರರಲ್ಲಿ ಒಂದು ಭಾಗಕ್ಕೆ ಇಳಿಯಿತು. ಮೊದಲು ಪ್ರತಿ ಮಿಲಿಮೀಟರ್ ಮರದ ಮೇಲೆ ಅಲಗು 16 ಸಲ ಹಾದುಹೋಗುತ್ತಿತ್ತು, ಈಗ 96 ಸಲ. ನಿಧಾನವಾಗಿದ್ದದ್ದು ನಮ್ಮ ಕೈ ಮಾತ್ರ, ಅಲಗು ನಿಧಾನವಾಗಲೇ ಇಲ್ಲ.

ಹರಿತಕ್ಕೂ ಒಂದು ಮಿತಿ

ಆರು ಪಟ್ಟು ಹೆಚ್ಚು ಸಲ ಹಾದುಹೋದರೂ ಪ್ರತಿ ಸಲ ಆರರಲ್ಲೊಂದು ಪಾಲು ಕೆಲಸ ಮಾಡಿದರೆ ಒಟ್ಟು ಬಿಸಿ ಅಷ್ಟೇ ಇರಬೇಕಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಗುಟ್ಟು ಇರುವುದು ಅಲಗಿನ ಅಂಚಿನಲ್ಲಿ.

ಎಷ್ಟೇ ಹರಿತವಾಗಿ ಸಾಣೆ ಹಿಡಿದರೂ ಅಂಚು ಎಂಬುದು ಗೆರೆಯಲ್ಲ. ಸೂಕ್ಷ್ಮದರ್ಶಕದಲ್ಲಿ ಅಡ್ಡವಾಗಿ ನೋಡಿದರೆ ಅದಕ್ಕೊಂದು ದುಂಡು ಮೂಗು ಇರುತ್ತದೆ. ಹೊಸ ಬಿಟ್‌ನಲ್ಲಿ ಈ ದುಂಡು ಮಿಲಿಮೀಟರ್‌ನ ನೂರರಲ್ಲೊಂದು ಭಾಗಕ್ಕಿಂತ ಕಡಿಮೆ. ಬಳಸಿ ಸವೆದ ಬಿಟ್‌ನಲ್ಲಿ ಅದರ ಹಲವು ಪಟ್ಟು. ತುತ್ತು ಈ ದುಂಡಿಗಿಂತ ದಪ್ಪವಾಗಿದ್ದರೆ ಅಂಚು ಮರದೊಳಗೆ ನುಗ್ಗಿ ನಾರುಗಳನ್ನು ಕಡಿದು ಚಕ್ಕೆ ಎಬ್ಬಿಸುತ್ತದೆ. ತುತ್ತು ದುಂಡಿಗಿಂತ ತೆಳ್ಳಗಾದರೆ ಅಂಚಿಗೆ ಒಳಹೋಗಲು ದಾರಿಯೇ ಇಲ್ಲ. ದುಂಡು ಮೂಗು ಮರವನ್ನು ಕೆಳಗೊತ್ತಿ ಮೇಲೆ ಜಾರಿ ಹೋಗುತ್ತದೆ.

ಮೊಂಡಾದ ಈಳಿಗೆಮಣೆಯಲ್ಲಿ ಹಣ್ಣಾದ ಟೊಮೇಟೊ ಹೆಚ್ಚುವವರಿಗೆ ಇದು ಚೆನ್ನಾಗಿ ಗೊತ್ತು. ಹಗುರವಾಗಿ ಆನಿಸಿ ಎಳೆದರೆ ಸಿಪ್ಪೆ ನಲುಗುತ್ತದೆ, ರಸ ಜಿನುಗುತ್ತದೆ, ಹಣ್ಣು ಮಾತ್ರ ಸೀಳುವುದಿಲ್ಲ. ಸ್ವಲ್ಪ ಒತ್ತಿದಿರೋ, ಅಲಗು ಒಳಹೊಕ್ಕು ಹೋಳು ಬೀಳುತ್ತದೆ. ಈಳಿಗೆಯ ಮೇಲೆ ಹತ್ತು ಸಲ ಹಗುರವಾಗಿ ಎಳೆದದ್ದು ಒಂದು ಸಲ ಒತ್ತಿ ಹೆಚ್ಚಿದ್ದಕ್ಕೆ ಸಮವಲ್ಲ. ಆ ಹತ್ತರಲ್ಲಿ ಹೆಚ್ಚಿನ ಶ್ರಮ ಹೋದದ್ದು ಉಜ್ಜುವುದಕ್ಕೆ.

ರೌಟರ್‌ನಲ್ಲೂ ಹಾಗೆಯೇ. ತುತ್ತು ತೀರ ಚಿಕ್ಕದಾದಾಗ ಮೋಟಾರಿನ ಶಕ್ತಿ ಕತ್ತರಿಸುವ ಕೆಲಸ ಬಿಟ್ಟು ಉಜ್ಜಾಟದಲ್ಲಿ ಬಿಸಿಯಾಗಿ ಕಳೆಯುತ್ತದೆ. ದಪ್ಪ ಚಕ್ಕೆ ಎದ್ದಾಗ ಹುಟ್ಟಿದ ಬಿಸಿಯಲ್ಲಿ ಒಂದಷ್ಟು ಚಕ್ಕೆಯ ಜೊತೆ ಹಾರಿಹೋಗುತ್ತದೆ. ಉಜ್ಜುವಾಗ ಹಾರಿಹೋಗುವ ಚಕ್ಕೆಯೇ ಇಲ್ಲ, ಬಿಸಿ ಮರದ ಮೈಮೇಲೆ ಮತ್ತು ಬಿಟ್‌ನಲ್ಲಿ ಉಳಿಯುತ್ತದೆ. ಮರವಂತೂ ಶಾಖವನ್ನು ದಾಟಿಸುವುದರಲ್ಲಿ ಉಕ್ಕಿಗಿಂತ ನೂರಾರು ಪಟ್ಟು ಹಿಂದೆ. ಆದ್ದರಿಂದ ಹುಟ್ಟಿದ ಬಿಸಿ ಒಳಗೆ ಹರಡಿಹೋಗದೆ ಕೂದಲೆಳೆಯಷ್ಟು ದಪ್ಪದ ಪದರದಲ್ಲೇ ನಿಂತುಬಿಡುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮರದ ದ್ರವ್ಯ ಒಡೆದು ಕಂದಾಗತೊಡಗುತ್ತದೆ. ಇನ್ನೂ ಏರಿದರೆ ಇದ್ದಿಲು.

ಕಲೆ ಬೀಳುವ ಜಾಗಗಳು

ಇಷ್ಟು ತಿಳಿದ ಮೇಲೆ ಸುಟ್ಟ ಕಲೆ ಎಲ್ಲೆಲ್ಲಿ ಬೀಳುತ್ತದೆಂದು ಮೊದಲೇ ಹೇಳಬಹುದು. ಹಲಗೆಯ ಮೂಲೆಯಲ್ಲಿ ಕೈ ಒಂದು ಕ್ಷಣ ತಡೆಯುತ್ತದೆ. ದಿಕ್ಕು ಬದಲಿಸುವ ಆ ಅರ್ಧ ಸೆಕೆಂಡಿನಲ್ಲಿ ತುತ್ತು ಸೊನ್ನೆ, ಹಾದುಹೋದ ಅಲಗು 400. ಕಪ್ಪು ಕಲೆ ಮೂಲೆಯಲ್ಲೇ ಬೀಳುವುದು ಅದಕ್ಕೆ.

ಇನ್ನೊಂದು ಜಾಗ ಬಿಟ್‌ನ ತಳದ ನಡುಮಧ್ಯ. ತಿರುಗುವ ಬಿಟ್‌ನ ಹೊರ ಅಂಚು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ ನಟ್ಟನಡುವಿನ ಬಿಂದು ನಿಂತಲ್ಲೇ ಇರುತ್ತದೆ. ಅಲ್ಲಿ ಕತ್ತರಿಸುವಿಕೆ ಇಲ್ಲ, ಒತ್ತುವಿಕೆ ಮಾತ್ರ. ಬಿಟ್ಟನ್ನು ನೇರ ಕೆಳಗಿಳಿಸಿ ಗುಳಿ ತೋಡಿದಾಗ ತಳದಲ್ಲಿ ಕಾಣುವ ಕಪ್ಪು ಚುಕ್ಕೆ ಇದರದೇ ಗುರುತು. ಕೆಲವು ಅಗ್ಗದ ನೇರ ಬಿಟ್‌ಗಳಿಗೆ ತಳದಲ್ಲಿ ಅಲಗೇ ಇರುವುದಿಲ್ಲ, ಪಕ್ಕದಲ್ಲಿ ಮಾತ್ರ. ಅವುಗಳಿಂದ ಗುಳಿ ತೋಡಲು ಹೋದರೆ ಹೊಗೆ ಗ್ಯಾರಂಟಿ. ಕೊಳ್ಳುವ ಮುನ್ನ ಬಿಟ್ಟನ್ನು ತಲೆಕೆಳಗೆ ಮಾಡಿ ನೋಡಿ. ತಳದಲ್ಲಿ ಅಡ್ಡಲಾಗಿ ಅಲಗಿನ ಅಂಚು ಕಂಡರೆ ಅದು ಕೆಳಗಿಳಿದು ಕೊರೆಯಬಲ್ಲದು.

ಮೂರನೆಯದು ಕಣ್ಣಿಗೆ ಬೀಳುವುದು ಕಷ್ಟ, ಆದರೆ ಎಲ್ಲಕ್ಕಿಂತ ಮುಖ್ಯ. ಅಲಗು ವೃತ್ತದಲ್ಲಿ ಸುತ್ತುವುದರಿಂದ ಅದು ತೆಗೆಯುವ ಚಕ್ಕೆ ಒಂದೇ ದಪ್ಪದ್ದಲ್ಲ, ಬಿದಿಗೆ ಚಂದ್ರನ ಆಕಾರದ್ದು. ಸರಿಯಾದ ದಿಕ್ಕಿನಲ್ಲಿ ತಳ್ಳಿದಾಗ ಪ್ರತಿ ತುತ್ತೂ ಸೊನ್ನೆ ದಪ್ಪದಿಂದ ಶುರುವಾಗಿ ಬರಬರುತ್ತ ದಪ್ಪವಾಗುತ್ತದೆ. ಅಂದರೆ ಪ್ರತಿ ಅಲಗೂ ಮೊದಲು ಸ್ವಲ್ಪ ಉಜ್ಜಿ ಆಮೇಲೆ ಕಚ್ಚುತ್ತದೆ, ಆ ಉಜ್ಜಾಟ ನಡೆಯುವುದೂ ಕೊನೆಗೆ ನಾವು ನೋಡಲಿರುವ ಮೈಯ ಮೇಲೆಯೇ. ಅಂಚು ಹರಿತವಾಗಿದ್ದು ಕೈ ಚುರುಕಾಗಿದ್ದರೆ ಈ ಉಜ್ಜಾಟದ ಹೊತ್ತು ತೀರ ಕಡಿಮೆ.

ಎದುರು ದಿಕ್ಕಿನಲ್ಲಿ ತಳ್ಳಿದರೆ ಅಲಗು ಮೊದಲೇ ದಪ್ಪ ತುತ್ತು ಕಚ್ಚಿ ತೆಳುವಿನಲ್ಲಿ ಮುಗಿಸುತ್ತದೆ. ಅಂಚು ಕೆಲವೊಮ್ಮೆ ಹೆಚ್ಚು ನುಣ್ಣಗೂ ಬರುತ್ತದೆ. ಆದರೆ ಆಗ ಬಿಟ್ ಚಕ್ರದಂತೆ ಮರದ ಮೇಲೆ ಉರುಳಿ ಯಂತ್ರವನ್ನು ಕೈಯಿಂದ ಕಸಿದುಕೊಂಡು ಓಡುತ್ತದೆ. ಹೊಸಬರು ಇದಕ್ಕೆ ಕೈ ಹಾಕಲೇಬಾರದು. ಮೇಲಿನಿಂದ ನೋಡಿದಾಗ ಕೈರೌಟರ್‌ನ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ನಿಮ್ಮ ಎದುರಿಗಿರುವ ಅಂಚಿನಲ್ಲಿ ಎಡದಿಂದ ಬಲಕ್ಕೆ ಸಾಗಿ. ಹಲಗೆಯ ಹೊರಸುತ್ತು ಅಪ್ರದಕ್ಷಿಣೆ, ಚೌಕಟ್ಟಿನ ಒಳಸುತ್ತು ಪ್ರದಕ್ಷಿಣೆ.

ಅಂಚನ್ನು ಮಾಡಿದ್ದು ಯಾವುದರಿಂದ

ಈಗ ಅಂಗಡಿಗೆ ಬರೋಣ. ಬಿಟ್ ಎರಡು ಬಗೆಯ ಲೋಹದಲ್ಲಿ ಸಿಗುತ್ತದೆ. ಒಂದು, ಹೈಸ್ಪೀಡ್ ಸ್ಟೀಲ್. ಇನ್ನೊಂದು, ಟಂಗ್‌ಸ್ಟನ್ ಕಾರ್ಬೈಡ್. ಹೈಸ್ಪೀಡ್ ಸ್ಟೀಲನ್ನು ಬಹಳ ಹರಿತ ಮಾಡಬಹುದು, ಬೆಲೆಯೂ ಕಡಿಮೆ. ಆದರೆ ಆ ಹರಿತ ಉಳಿಯುವುದಿಲ್ಲ, ನಮ್ಮಲ್ಲಿ ಸಿಗುವ ಮರದಲ್ಲಂತೂ ಉಳಿಯುವುದೇ ಇಲ್ಲ. ತೇಗದ ಕಟ್ಟಿಗೆಯಲ್ಲಿ ಸಿಲಿಕಾ ಇದೆ, ಮರಳಿನಲ್ಲಿರುವ ಅದೇ ವಸ್ತು. ಅದರ ಸೂಕ್ಷ್ಮ ಕಣಗಳು ಅಂಚನ್ನು ಒಳಗಿನಿಂದಲೇ ತೇಯುತ್ತವೆ. ಹತ್ತರಿಯ ಅಲಗನ್ನು ಪದೇಪದೇ ಸಾಣೆಕಲ್ಲಿಗೆ ಒಡ್ಡುವ ಬಡಗಿಗಳನ್ನು ಕೇಳಿದರೆ ತೇಗದ ಈ ಗುಣ ಹೇಳುತ್ತಾರೆ. ಪ್ಲೈವುಡ್ ಮತ್ತು ಎಂಡಿಎಫ್ ಇನ್ನೂ ಕಠಿಣ. ಅಲ್ಲಿ ಮರವನ್ನು ಹಿಡಿದಿಟ್ಟಿರುವ ರಾಳದ ಅಂಟು ಗಟ್ಟಿಯಾಗಿ ಅಂಚನ್ನು ಕೆರೆಯುತ್ತದೆ.

ಅಂಚು ಸವೆಯಿತೆಂದರೆ ದುಂಡು ಹೆಚ್ಚಿತು. ದುಂಡು ಹೆಚ್ಚಿದರೆ ನಿನ್ನೆ ಸಾಕಾಗಿದ್ದ ತುತ್ತು ಇಂದು ಸಾಲದು. ಅದೇ ಕೈ, ಅದೇ ವೇಗ, ಆದರೂ ಮರ ಸುಡುತ್ತದೆ. ಉಜ್ಜಾಟದ ಬಿಸಿಗೆ ಅಂಚು ಇನ್ನಷ್ಟು ಬೇಗ ಹಾಳಾಗುತ್ತದೆ. ಈ ಸುಳಿಗೆ ಸಿಕ್ಕ ಬಿಟ್ ಬಹಳ ದಿನ ಬಾಳದು.

ಕಾರ್ಬೈಡ್ ಅಂದರೆ ಟಂಗ್‌ಸ್ಟನ್ ಮತ್ತು ಇಂಗಾಲ ಕೂಡಿದ ಅತಿ ಗಟ್ಟಿ ಹರಳುಗಳ ಪುಡಿಯನ್ನು ಕೋಬಾಲ್ಟ್ ಜೊತೆ ಬೆರೆಸಿ ಒತ್ತಿ ಕಾಯಿಸಿ ಮಾಡಿದ ವಸ್ತು. ಜರ್ಮನಿಯ ಓಸ್ರಾಮ್ ಕಂಪನಿಯಲ್ಲಿ ಕಾರ್ಲ್ ಶ್ರೋಟರ್ 1923ರಲ್ಲಿ ಇದಕ್ಕೆ ಪೇಟೆಂಟ್ ಕೋರಿದರು. 1926ರಲ್ಲಿ ಕ್ರುಪ್ ಕಂಪನಿ ಅದನ್ನು ವಿಡಿಯಾ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿಗೂ ಇದಕ್ಕೂ ಹಳೆಯ ನಂಟು. ಲೋಹ ಕೊರೆಯುವ ಕಾರ್ಬೈಡ್ ಉಪಕರಣ ತಯಾರಿಸುವ ವಿಡಿಯಾ ಇಂಡಿಯಾ ಕಂಪನಿ 1964ರಲ್ಲಿ ಸ್ಥಾಪನೆಯಾಯಿತು, ತುಮಕೂರು ರಸ್ತೆಯ ಅದರ ಕಾರ್ಖಾನೆ ಈಗ ಕೆನಾಮೆಟಲ್ ಇಂಡಿಯಾದ್ದು. ಇಂದಿಗೂ ಅನೇಕ ವರ್ಕ್‌ಶಾಪ್‌ಗಳಲ್ಲಿ ಯಾವ ಕಂಪನಿಯ ಕಾರ್ಬೈಡ್ ತುದಿಯಾದರೂ ಅದು ವಿಡಿಯಾ ಬಿಟ್ಟೇ.

ಕಾರ್ಬೈಡ್‌ನ ದೋಷ ಒಂದೇ, ಅದು ಬಲು ಬಿರುಸು. ಸಿಮೆಂಟ್ ನೆಲದ ಮೇಲೆ ಬಿದ್ದರೆ ಅಂಚು ಮುರಿಯುತ್ತದೆ. ಡಬ್ಬಿಯಲ್ಲಿ ಬಿಟ್‌ಗಳನ್ನು ಒಟ್ಟಿಗೆ ಗಲಗಲ ಎನ್ನುವಂತೆ ಹಾಕಿಟ್ಟರೂ ಒಂದಕ್ಕೊಂದು ತಾಗಿ ಅಂಚು ಸಿಡಿಯುತ್ತದೆ. ಮರದ ತುಂಡಿನಲ್ಲಿ ಸಾಲಾಗಿ ತೂತು ಕೊರೆದು ನಿಲ್ಲಿಸಿಡಿ.

ಶ್ಯಾಂಕ್ ಎಷ್ಟು ದಪ್ಪ

ಬಿಟ್ ಆರಿಸುವಾಗ ಎಲ್ಲರ ಕಣ್ಣು ಅಲಗಿನ ಆಕಾರದ ಮೇಲೆ. ನನ್ನ ಪ್ರಕಾರ ಅದಕ್ಕಿಂತ ಮೊದಲು ನೋಡಬೇಕಾದದ್ದು ಶ್ಯಾಂಕ್, ಅಂದರೆ ಕಾಲೆಟ್‌ನೊಳಗೆ ಕೂರುವ ಬಿಟ್‌ನ ಬುಡ. 6, 6.35, 8, 12 ಮತ್ತು 12.7 ಮಿಲಿಮೀಟರ್ ದಪ್ಪದವು ಸಿಗುತ್ತವೆ. 6.35 ಎಂದರೆ ಕಾಲಿಂಚು, 12.7 ಎಂದರೆ ಅರ್ಧ ಇಂಚು.

ದುಂಡು ಸರಳಿನ ದಪ್ಪ ಎರಡರಷ್ಟಾದರೆ ಅದರ ಬಾಗದಿರುವ ಶಕ್ತಿ ಎರಡರಷ್ಟಾಗುವುದಿಲ್ಲ, ಹದಿನಾರರಷ್ಟಾಗುತ್ತದೆ. ಅಂದರೆ 6 ಮಿಲಿಮೀಟರ್ ಶ್ಯಾಂಕ್‌ಗಿಂತ 12 ಮಿಲಿಮೀಟರ್‌ನದು ಹದಿನಾರು ಪಟ್ಟು ಬಿಗಿ. ಉದ್ದದ ಲೆಕ್ಕವೂ ಹೀಗೆಯೇ ನಮ್ಮ ಅಂದಾಜನ್ನು ಮೀರುತ್ತದೆ. ಕಾಲೆಟ್‌ನಿಂದ ಹೊರಚಾಚಿದ ಉದ್ದ ಎರಡರಷ್ಟಾದರೆ ಬಾಗುವಿಕೆ ಎಂಟು ಪಟ್ಟು. ಇಲ್ಲಿ ಬಾಗುವುದೆಂದರೆ ಕಣ್ಣಿಗೆ ಕಾಣುವಷ್ಟಲ್ಲ, ಮಿಲಿಮೀಟರ್‌ನ ನೂರರಲ್ಲಿ ಕೆಲವು ಭಾಗ. ಆದರೆ ತುತ್ತಿನ ದಪ್ಪವೇ ಅಷ್ಟು! ಬಿಟ್ ಅಷ್ಟು ನಡುಗಿದರೆ ಒಂದು ಅಲಗು ಎರಡು ಪಾಲು ಕಚ್ಚುತ್ತದೆ, ಇನ್ನೊಂದು ಬರೀ ಉಜ್ಜುತ್ತದೆ. ಮರದ ಮೈಮೇಲೆ ಅಲೆಅಲೆಯ ಗುರುತು, ನಡುನಡುವೆ ಸುಟ್ಟ ಗೆರೆ.

ಕಾಲೆಟ್‌ನೊಳಗೆ ಸಿಕ್ಕಿಕೊಂಡ ಹೊಟ್ಟಿನ ಒಂದು ಕಣವೂ ಇದೇ ಕೆಲಸ ಮಾಡಬಲ್ಲದು. ಬಿಟ್ ಕೂದಲೆಳೆಯಷ್ಟು ಓರೆಯಾಗಿ ಕೂತರೆ ಎರಡು ಅಲಗಿನ ಬಿಟ್ ಒಂದು ಅಲಗಿನದಾಯಿತು. ಬಿಟ್ ಬದಲಿಸುವಾಗಲೆಲ್ಲ ಪ್ಲಗ್ ಕಿತ್ತು, ಕಾಲೆಟ್ ಬಿಚ್ಚಿ ಒಣ ಬ್ರಷ್‌ನಿಂದ ಒಳಗೆ ಉಜ್ಜಿ. ಬಿಟ್ಟನ್ನು ತಳಕ್ಕೆ ತಾಗುವವರೆಗೆ ತೂರಿಸಿ ಎರಡು ಮೂರು ಮಿಲಿಮೀಟರ್ ಹಿಂದಕ್ಕೆ ಎಳೆದು ಬಿಗಿಮಾಡಿ. ತಳಕ್ಕೆ ತಾಗಿಸಿ ಬಿಗಿದರೆ ಕಾಲೆಟ್ ಸರಿಯಾಗಿ ಹಿಡಿಯದೆ ಬಿಟ್ ಕ್ರಮೇಣ ಜಾರಬಹುದು.

ನಮ್ಮ ದೇಶದ ಅಂಗಡಿಗಳಲ್ಲಿ ಹೆಚ್ಚಾಗಿ ಆಗುವ ಎಡವಟ್ಟು 6 ಮತ್ತು 6.35ರ ನಡುವಿನದು. ನೋಡಲು ಎರಡೂ ಒಂದೇ. ಆದರೆ 6.35ರ ಕಾಲೆಟ್‌ಗೆ 6ರ ಬಿಟ್ ಹಾಕಿದರೆ ಕಾಲೆಟ್ ಪೂರ್ತಿ ಸುತ್ತ ಹಿಡಿಯುವುದಿಲ್ಲ, ಎಷ್ಟು ಬಿಗಿದರೂ ಹಿಡಿತ ಸಿಗುವುದಿಲ್ಲ. ನಿಮಿಷಕ್ಕೆ 24,000 ಸುತ್ತಿನಲ್ಲಿ ಅದು ಕಳಚಿ ಹಾರಿದರೆ ಪ್ರಾಣಕ್ಕೇ ಅಪಾಯ. ಟೇಪು ಸುತ್ತಿ ದಪ್ಪ ಮಾಡುವ ಉಪಾಯವಂತೂ ಬೇಡವೇ ಬೇಡ.

ಅಗಲ, ಅಲಗು, ವೇಗ

12 ಮಿಲಿಮೀಟರ್ ಅಗಲದ ಬಿಟ್‌ನ ಹೊರ ಅಂಚು ನಿಮಿಷಕ್ಕೆ 24,000 ಸುತ್ತಿನಲ್ಲಿ ಗಂಟೆಗೆ ಸುಮಾರು 54 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಬಾಗಿಲಿನ ಪ್ಯಾನೆಲ್‌ಗೆ ಇಳಿಜಾರು ಕೊಡುವ 75 ಮಿಲಿಮೀಟರ್ ಬಿಟ್ಟನ್ನು ಅದೇ ವೇಗದಲ್ಲಿ ತಿರುಗಿಸಿದರೆ ಗಂಟೆಗೆ ಸುಮಾರು 340 ಕಿಲೋಮೀಟರ್. ಅಷ್ಟು ತೂಕದ ಲೋಹ ಅಷ್ಟು ವೇಗದಲ್ಲಿ ಸುತ್ತುವುದು ಅಪಾಯ, ಉಜ್ಜಾಟವೂ ವಿಪರೀತ. ಒಂದು ಇಂಚು ಅಗಲದವರೆಗೆ 24,000, ಎರಡು ಇಂಚಿನವರೆಗೆ 18,000, ಮೂರು ಇಂಚಿನ ಆಸುಪಾಸಿಗೆ 12,000 ಅಥವಾ ಅದಕ್ಕೂ ಕಡಿಮೆ ಎಂಬುದು ರೂಢಿಯ ಮಿತಿ. ಬಿಟ್‌ನ ಮೇಲೆ ಅಚ್ಚಾದ ಗರಿಷ್ಠ ವೇಗ ಇದಕ್ಕಿಂತ ಕಡಿಮೆಯಿದ್ದರೆ ಅದನ್ನೇ ಪಾಲಿಸಿ. ದೊಡ್ಡ ಬಿಟ್‌ಗಳನ್ನು ಕೈಯಲ್ಲಿ ಹಿಡಿದ ಯಂತ್ರಕ್ಕೆ ಹಾಕದೆ ರೌಟರ್ ಟೇಬಲ್‌ನಲ್ಲೇ ಬಳಸಬೇಕು.

ವೇಗ ತಗ್ಗಿಸಿದರೆ ತುತ್ತು ದಪ್ಪವಾಗುತ್ತದೆ ಎಂಬುದನ್ನು ಗಮನಿಸಿ. ಸುತ್ತು ಅರ್ಧಕ್ಕಿಳಿದರೆ ಅದೇ ಕೈವೇಗಕ್ಕೆ ತುತ್ತು ಎರಡು ಪಟ್ಟು. ಕೈಯನ್ನು ಚುರುಕು ಮಾಡಲು ಧೈರ್ಯ ಸಾಲದವರಿಗೆ ಯಂತ್ರದ ವೇಗದ ಗುಂಡಿಯೇ ದಾರಿ. ಕೆಲವು ಅಗ್ಗದ ಟ್ರಿಮ್ಮರ್‌ಗಳಿಗೆ ಆ ಗುಂಡಿ ಇರುವುದಿಲ್ಲ, ಅವು ಸದಾ ಒಂದೇ ವೇಗದಲ್ಲಿ ಓಡುತ್ತವೆ. ಅಂಥ ಯಂತ್ರದಲ್ಲಿ ಸಣ್ಣ ಗ್ರೂವ್ ಕೊರೆಯಲು ಒಂದೇ ಅಲಗಿನ ಬಿಟ್ ಚೆನ್ನ. ಅಲಗು ಅರ್ಧವಾದರೆ ತುತ್ತು ಎರಡರಷ್ಟಾಗುತ್ತದೆ. ಅಲಗು ಹೆಚ್ಚಿದ್ದಷ್ಟೂ ಬಿಟ್ ಒಳ್ಳೆಯದೆಂಬ ನಂಬಿಕೆ ಕೈಯಲ್ಲಿ ತಳ್ಳುವವರ ಮಟ್ಟಿಗೆ ಸುಳ್ಳು.

ಸುರುಳಿ ಅಲಗಿನ ಬಿಟ್‌ಗಳ ಬಗ್ಗೆ ಒಂದೆರಡು ಮಾತು ಸಾಕು. ಸುರುಳಿ ಹೊಟ್ಟನ್ನು ಮೇಲಕ್ಕೆಳೆಯುವಂತಿದ್ದರೆ ಆಳದ ಗುಳಿ ಸ್ವಚ್ಛವಾಗಿರುತ್ತದೆ, ಆದರೆ ಮೇಲ್ಮೈಯ ನಾರು ಎದ್ದುಬರುತ್ತದೆ. ಕೆಳಕ್ಕೊತ್ತುವಂತಿದ್ದರೆ ಪ್ಲೈವುಡ್‌ನ ಮೇಲ್ಪದರ ಕಿತ್ತುಬರುವುದಿಲ್ಲ, ಆದರೆ ಗ್ರೂವ್‌ನಲ್ಲಿ ಹೊಟ್ಟು ತುಂಬಿಕೊಂಡು ಅದೇ ಮತ್ತೆಮತ್ತೆ ಅರೆದು ಬಿಸಿಯಾಗುತ್ತದೆ.

ನೆಲದ ಮೇಲಿನ ಹೊಟ್ಟು

ತುತ್ತು ಸರಿಯಿದೆಯೇ ಎಂದು ತಿಳಿಯಲು ಅಳತೆಯ ಉಪಕರಣ ಬೇಕಿಲ್ಲ. ಕೆಲಸ ಮಾಡುವಾಗ ಬೀಳುವ ಹೊಟ್ಟನ್ನು ಬೆರಳಲ್ಲಿ ಹಿಡಿದು ನೋಡಿ. ಸಣ್ಣ ಸಣ್ಣ ಚಕ್ಕೆಗಳಿದ್ದರೆ ಅಲಗು ಕತ್ತರಿಸುತ್ತಿದೆ. ನುಣ್ಣನೆಯ ಹಿಟ್ಟು ಬೀಳುತ್ತಿದ್ದರೆ ಉಜ್ಜುತ್ತಿದೆ. ಎಂಡಿಎಫ್‌ಗೆ ಈ ಪರೀಕ್ಷೆ ನಡೆಯದು, ಅದು ಮೊದಲೇ ನುರಿದ ನಾರಿನಿಂದ ಮಾಡಿದ್ದು. ಪೈನ್ ಮರದ ಕೆಲಸವಾದ ಮೇಲೆ ಅಲಗಿನ ಬೆನ್ನನ್ನೂ ನೋಡಿ. ಕಂದು ಅಂಟು ಮೆತ್ತಿಕೊಂಡಿದ್ದರೆ ಬಿಟ್ ಮೊಂಡಾಗಿಲ್ಲದಿದ್ದರೂ ಉಜ್ಜುತ್ತದೆ. ಬಿಟ್ಟನ್ನು ಹೊರತೆಗೆದು ಟರ್ಪೆಂಟೈನ್ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಹೋಗುತ್ತದೆ.

ಆ ಹಿಟ್ಟು ಮರಕ್ಕಷ್ಟೇ ಅಲ್ಲ, ನಮಗೂ ಕೆಟ್ಟದ್ದು. ಚಕ್ಕೆ ನೆಲಕ್ಕೆ ಬೀಳುತ್ತದೆ, ನುಣ್ಣನೆಯ ದೂಳು ಗಾಳಿಯಲ್ಲಿ ತೇಲಿ ಮೂಗಿಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಗುರುತಿಸಿತು. ಮೂಗಿನ ಒಳಭಾಗ ಮತ್ತು ಅದರ ಸುತ್ತಲಿನ ಸೈನಸ್‌ಗಳಿಗೆ ಅಪಾಯ ಹೆಚ್ಚು. ದಿನವಿಡೀ ಬಾಯಿಗೆ ಒಂದು ಟವೆಲ್ಲೂ ಕಟ್ಟಿಕೊಳ್ಳದೆ ಪ್ಲೈವುಡ್ ಕೊರೆಯುವ ಬಡಗಿಗಳನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಅವರನ್ನು ಮನೆಗೆ ಕರೆಸಿಕೊಂಡವರು ಒಂದು ಡಬ್ಬಿ ಎನ್95 ಮಾಸ್ಕ್ ತಂದುಕೊಟ್ಟರೆ ದೊಡ್ಡ ಉಪಕಾರ.

ಮೊದಲ ನಾಲ್ಕು

ಹನ್ನೆರಡು ಹದಿನೈದು ಬಿಟ್‌ಗಳ ಮರದ ಪೆಟ್ಟಿಗೆ ಅಂಗಡಿಯಲ್ಲಿ ಕಣ್ಣು ಸೆಳೆಯುತ್ತದೆ. ಅದನ್ನು ಕೊಳ್ಳಬೇಡಿ. ಅಷ್ಟು ಅಗ್ಗದಲ್ಲಿ ಅಷ್ಟು ಬಿಟ್ ಕೊಡಬೇಕಾದರೆ ಕಾರ್ಬೈಡ್ ತುದಿ ತೆಳ್ಳಗಿರುತ್ತದೆ, ಸಾಣೆ ಒರಟಾಗಿರುತ್ತದೆ. ಪೆಟ್ಟಿಗೆಯಲ್ಲಿ ಅರ್ಧದಷ್ಟನ್ನು ಹವ್ಯಾಸಿಗಳು ಮುಟ್ಟುವುದೇ ಇಲ್ಲ. ಅದೇ ದುಡ್ಡಿಗೆ ನಾಲ್ಕು ಒಳ್ಳೆಯ ಬಿಟ್ ಬರುತ್ತವೆ. ಗ್ರೂವ್ ಕೊರೆಯಲು ತಳದಲ್ಲೂ ಅಲಗಿರುವ 6 ಮಿಲಿಮೀಟರ್ ಅಗಲದ ನೇರ ಬಿಟ್. ಕಪಾಟಿನ ಹಲಗೆ ಕೂರುವ ಗ್ರೂವ್‌ಗೆ 12 ಮಿಲಿಮೀಟರ್‌ನದು ಒಂದು. ಸನ್‌ಮೈಕಾ ಸವರಲು ಮತ್ತು ನಮೂನೆಯ ಪ್ರಕಾರ ಕತ್ತರಿಸಲು ಬೇರಿಂಗ್ ಇರುವ ಟ್ರಿಮ್ ಬಿಟ್. ಅಂಚು ದುಂಡಗೆ ಮಾಡಲು 6 ಮಿಲಿಮೀಟರ್ ತ್ರಿಜ್ಯದ ರೌಂಡ್ ಓವರ್. ಎಲ್ಲವೂ ಕಾರ್ಬೈಡ್, ಎರಡು ಅಲಗಿನವು. ಯಂತ್ರ 12 ಅಥವಾ 12.7ರ ಕಾಲೆಟ್ ಹಿಡಿಯುವಂತಿದ್ದರೆ ಶ್ಯಾಂಕ್ ಅದೇ ದಪ್ಪದ್ದಿರಲಿ.

ಆಳದ ಗ್ರೂವನ್ನು ಒಂದೇ ಸಲಕ್ಕೆ ಕೊರೆಯಬೇಡಿ. ಪ್ರತಿ ಸಲ ಬಿಟ್‌ನ ಅಗಲದ ಅರ್ಧದಷ್ಟು ಆಳ ಸಾಕು. ಆದರೂ ಎಲ್ಲಾದರೂ ಸುಟ್ಟ ಕಲೆ ಬಿದ್ದರೆ, ಅರ್ಧ ಮಿಲಿಮೀಟರ್ ಹೆಚ್ಚು ಇಳಿಸಿ ಕೊನೆಯ ಒಂದು ಸುತ್ತನ್ನು ಎಲ್ಲೂ ತಡೆಯದೆ ಚುರುಕಾಗಿ ಹೊಡೆಯಿರಿ. ತೆಳು ಪದರವಾದ್ದರಿಂದ ಇಲ್ಲಿ ತುತ್ತು ಇನ್ನೂ ಚಿಕ್ಕದು, ಕೈ ಮೊದಲಿಗಿಂತ ಬೇಗ ಸಾಗಬೇಕು.

ಬೆಂಗಳೂರಿನ ಎಸ್‌ಜೆಪಿ ರಸ್ತೆಗಾಗಲಿ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಗಾಗಲಿ ಹೋಗುವಾಗ ಯಂತ್ರದ ಕಾಲೆಟ್ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಅದರ ಮೇಲೆ ಬರೆದ ಅಳತೆ ಓದಿ, ಬಿಟ್‌ನ ಶ್ಯಾಂಕನ್ನು ವರ್ನಿಯರ್‌ನಲ್ಲಿ ಅಳೆಸಿ, ಎರಡೂ ತಾಳೆಯಾದ ಮೇಲೆ ದುಡ್ಡು ಕೊಡಿ.